ಅಂಕಿಯೂ ಆಧಾರವೂ

ಯುದ್ಧವೆಂದೊಡನೆ ಕತ್ತಿ, ಕೋವಿ, ಫಿರಂಗಿಗಳ ಚಿತ್ರ ಕಣ್ಣೆದುರು ನಿಲ್ಲುತ್ತದೆ. ರಣರಂಗಕ್ಕೆ ಹೋದ ಸೈನಿಕನು ಮಡಿದನೆಂದರೆ ಅವನು ಶತ್ರುವಿನ ಗುಂಡಿಗೆ ಬಲಿಯಾಗಿರಬೇಕೆಂದು ಜನರು ಸಹಜವಾಗಿ ಭಾವಿಸುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನಡೆದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಅತಿ ದೊಡ್ಡ ಶತ್ರು ರಷ್ಯದ ಫಿರಂಗಿಯಾಗಿರಲಿಲ್ಲ; ಕಾಲರಾ, ಆಮಶಂಕೆ, ಜ್ವರ ಮೊದಲಾದ ಅಂಟುರೋಗಗಳೇ ಆಗಿದ್ದವು. ಈ ಸತ್ಯವನ್ನು ಅಧಿಕಾರಿಗಳು ಅಲ್ಲಗಳೆಯಲಾಗದಂತೆ ಹೊರಗೆಡಹಿದುದು ಒಂದು ಕೋಷ್ಟಕ. ಆ ಕೋಷ್ಟಕದಲ್ಲಿ ಮಾಡಿದ ಕೆಲಸವೂ ಬಹು ಸರಳವಾದುದು. ಮೂರು ಕಂಬಸಾಲುಗಳಲ್ಲಿದ್ದ ಅಂಕಿಗಳನ್ನು ಇನ್ನೊಂದು ಕಂಬಸಾಲಿನ ಅಂಕಿಗಳ ಆಧಾರದಿಂದ ಬದಲಾಯಿಸಲಾಯಿತು. ಅಷ್ಟು ಮಾಡಿದೊಡನೆ ಅದುವರೆಗೆ ಮೂಕವಾಗಿದ್ದ ಅಂಕಿಗಳು ಮಾತನಾಡತೊಡಗಿದವು.

1854ರ ಮಾರ್ಚ್ ತಿಂಗಳಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪಕ್ಷ ವಹಿಸಿ ರಷ್ಯದ ಮೇಲೆ ಯುದ್ಧ ಸಾರಿದವು. ಗಾಯಗೊಂಡ ಮತ್ತು ರೋಗಪೀಡಿತರಾದ ಬ್ರಿಟಿಷ್ ಸೈನಿಕರನ್ನು ಕಪ್ಪು ಸಮುದ್ರವನ್ನು ದಾಟಿಸಿ, ಕಾನ್‌ಸ್ಟಾಂಟಿನೋಪಲ್ ನಗರದ ಎದುರು ದಡದಲ್ಲಿದ್ದ ಸ್ಕುಟಾರಿ ಎಂಬಲ್ಲಿಯ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಇಂದು ಆ ನಗರಕ್ಕೆ ಇಸ್ತಾಂಬುಲ್ ಎಂದು ಹೆಸರು. ಫ್ಲಾರೆನ್ಸ್ ನೈಟಿಂಗೇಲ್ ಅವರು ಮೂವತ್ತೆಂಟು ಮಂದಿ ದಾದಿಯರೊಡನೆ 1854ರ ನವೆಂಬರ್ 4ರಂದು ಆ ಆಸ್ಪತ್ರೆಯನ್ನು ತಲುಪಿದರು. ಅಲ್ಲಿ ಅವರು ಕಂಡುದು ಕೊಳೆತು ನಾರುವ ಚರಂಡಿಗಳು, ಗಾಳಿಯಾಡದ ಕೊಠಡಿಗಳು, ಒಬ್ಬರಿಗೊಬ್ಬರು ತಾಗುವಂತೆ ಸಾಲಾಗಿ ಮಲಗಿಸಿದ ರೋಗಿಗಳು. ಕೈಯಲ್ಲಿ ದೀಪ ಹಿಡಿದು ರಾತ್ರಿಯೆಲ್ಲ ರೋಗಿಗಳ ನಡುವೆ ಸಂಚರಿಸುತ್ತಿದ್ದ ಆ ಮಹಿಳೆಯ ಚಿತ್ರವನ್ನು ಜಗತ್ತು ಮರೆತಿಲ್ಲ. ಆದರೆ ದೀಪವನ್ನು ಕೆಳಗಿಟ್ಟು ಲೇಖನಿಯನ್ನು ಹಿಡಿದಾಗ ಅವರು ಮಾಡಿದ ಕೆಲಸವು ಅಷ್ಟೇ ಮಹತ್ತ್ವದ್ದೆಂಬುದನ್ನು ತಿಳಿದವರು ಕಡಮೆ.

1856ರಲ್ಲಿ ಯುದ್ಧವು ಮುಗಿಯಿತು. ಸ್ವದೇಶಕ್ಕೆ ಹಿಂದಿರುಗಿದ ನೈಟಿಂಗೇಲ್ ಅವರು ಇಂಗ್ಲೆಂಡಿನ ಜನನ-ಮರಣ ಲೆಕ್ಕದ ಕಚೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ನೆರವನ್ನು ಪಡೆದು, ಯುದ್ಧಕಾಲದ ಮರಣಗಳ ಲೆಕ್ಕವನ್ನು ಕ್ರಮಪಡಿಸಿದರು. 1854ರ ಏಪ್ರಿಲಿನಿಂದ 1856ರ ಮಾರ್ಚಿಯವರೆಗಿನ ಇಪ್ಪತ್ತನಾಲ್ಕು ತಿಂಗಳುಗಳು ಆ ಕೋಷ್ಟಕದ ಇಪ್ಪತ್ತನಾಲ್ಕು ಅಡ್ಡಸಾಲುಗಳಾದವು. ಮೇಲಿನಿಂದ ಕೆಳಕ್ಕೆ ಇಳಿಯುವ ಕಂಬಸಾಲುಗಳಲ್ಲಿ ಮೊದಲನೆಯದು ಆ ತಿಂಗಳಿನಲ್ಲಿದ್ದ ಸೈನ್ಯದ ಸರಾಸರಿ ಸಂಖ್ಯೆ. ಎರಡನೆಯದು ತಡೆಗಟ್ಟಬಹುದಾಗಿದ್ದ ಅಂಟುರೋಗಗಳಿಂದ ಸತ್ತವರ ಸಂಖ್ಯೆ. ಮೂರನೆಯದು ಗಾಯಗಳಿಂದ ಸತ್ತವರದು. ನಾಲ್ಕನೆಯದು ಇತರ ಕಾರಣಗಳಿಂದ ಸತ್ತವರದು. ಆ ಕೋಷ್ಟಕದಿಂದ ಆಯ್ದ ನಾಲ್ಕು ತಿಂಗಳುಗಳ ಲೆಕ್ಕವು ಹೀಗಿದೆ:

| ತಿಂಗಳು | ಸೈನ್ಯ | ರೋಗ | ಗಾಯ | ಇತರ |
|---|---|---|---|---|
| 1855 ಜನವರಿ | 32,393 | 2,761 | 83 | 324 |
| 1855 ಏಪ್ರಿಲ್ | 32,252 | 477 | 48 | 57 |
| 1855 ಆಗಸ್ಟ್ | 44,614 | 483 | 164 | 25 |
| 1856 ಜನವರಿ | 44,212 | 42 | 2 | 48 |

ರೋಗವು ಗಾಯಕ್ಕಿಂತ ಎಷ್ಟು ಭಯಂಕರವಾಗಿತ್ತೆಂಬುದು ಮೊದಲ ಅಡ್ಡಸಾಲಿನಿಂದಲೇ ವ್ಯಕ್ತವಾಗುತ್ತದೆ. ಪೂರ್ಣ ಕೋಷ್ಟಕದ ಮೊದಲ ಹನ್ನೆರಡು ತಿಂಗಳುಗಳನ್ನು ಕೂಡಿದರೆ ರೋಗಕ್ಕೆ ಬಲಿಯಾದವರು 11,157 ಮಂದಿ. ಗಾಯಗಳಿಂದ ಸತ್ತವರು 772 ಮಂದಿ ಮಾತ್ರ. ಒಂದೇ ಅವಧಿಯ ಎರಡು ಕಾರಣಗಳನ್ನು ಹೋಲಿಸಲು ಇಷ್ಟು ಸಾಕು. ಆದರೆ ಒಂದು ತಿಂಗಳನ್ನು ಇನ್ನೊಂದು ತಿಂಗಳೊಡನೆ ಹೋಲಿಸಲು ಹೊರಟಾಗ ಬರಿಯ ಸಂಖ್ಯೆಯು ದಾರಿ ತಪ್ಪಿಸುತ್ತದೆ. ಏಪ್ರಿಲಿನಲ್ಲಿ ರೋಗದಿಂದ ಸತ್ತವರು 477; ಆಗಸ್ಟಿನಲ್ಲಿ 483. ಈ ಎರಡನ್ನು ಮಾತ್ರ ನೋಡಿದವರು ಪರಿಸ್ಥಿತಿಯು ಸುಧಾರಿಸಲಿಲ್ಲ, ಇನ್ನಷ್ಟು ಹದಗೆಟ್ಟಿತು ಎಂದೇ ತೀರ್ಮಾನಿಸುವರು. ಆದರೆ ಏಪ್ರಿಲಿನಲ್ಲಿ ಸೈನಿಕರ ಸಂಖ್ಯೆ 32,252 ಆಗಿದ್ದರೆ ಆಗಸ್ಟಿನ ವೇಳೆಗೆ ಅದು 44,614ಕ್ಕೆ ಏರಿತ್ತು. ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಹೊಸದಾಗಿ ಸೇರಿದ್ದರೂ ಸತ್ತವರ ಸಂಖ್ಯೆಯಲ್ಲಿ ಆರು ಮಾತ್ರ ಹೆಚ್ಚಾಗಿತ್ತು. ಇದು ಹದಗೆಟ್ಟುದರ ಲಕ್ಷಣವಲ್ಲ, ಸುಧಾರಿಸಿದುದರ ಲಕ್ಷಣ.

ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇಂತಹುದೇ ನಿದರ್ಶನ ದೊರೆಯುತ್ತದೆ. ನಲವತ್ತು ಮಂದಿಯ ತರಗತಿಯೊಂದರಲ್ಲಿ ಎಂಟು ಮಂದಿ ಗೈರುಹಾಜರಾಗಿದ್ದಾರೆ. ಅರವತ್ತು ಮಂದಿಯ ಇನ್ನೊಂದು ತರಗತಿಯಲ್ಲಿ ಒಂಬತ್ತು ಮಂದಿ ಗೈರುಹಾಜರಾಗಿದ್ದಾರೆ. ಎಂಟಕ್ಕಿಂತ ಒಂಬತ್ತು ದೊಡ್ಡದೆಂಬುದು ನಿಜ. ಆದರೂ ಮೊದಲ ತರಗತಿಯಲ್ಲಿ ನೂರಕ್ಕೆ ಇಪ್ಪತ್ತರಂತೆಯೂ ಎರಡನೆಯದರಲ್ಲಿ ನೂರಕ್ಕೆ ಹದಿನೈದರಂತೆಯೂ ವಿದ್ಯಾರ್ಥಿಗಳು ಬಂದಿಲ್ಲ. ಎಷ್ಟು ಮಂದಿ ಎಂಬ ಪ್ರಶ್ನೆಯ ಬೆನ್ನಿಗೇ ಎಷ್ಟು ಮಂದಿಯಲ್ಲಿ ಎಂಬ ಪ್ರಶ್ನೆಯನ್ನೂ ಕೇಳಬೇಕು. ಈ ಎರಡನೆಯ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ಸಂಖ್ಯೆಯೇ ಆಧಾರಸಂಖ್ಯೆ. ಭಿನ್ನರಾಶಿಯ ಭಾಷೆಯಲ್ಲಿ ಹೇಳುವುದಾದರೆ ಅದೇ ಛೇದ.

ನೈಟಿಂಗೇಲ್ ಅವರ ಕೋಷ್ಟಕಕ್ಕೆ ಸೈನ್ಯದ ಕಂಬಸಾಲೇ ಆಧಾರ. ಪ್ರತಿ ತಿಂಗಳಿನ ಮರಣಸಂಖ್ಯೆಯನ್ನು ಸಾವಿರ ಸೈನಿಕರಿಗೆ ವರ್ಷಕ್ಕೆ ಇಷ್ಟು ಎಂಬ ಪ್ರಮಾಣಕ್ಕೆ ತರಲಾಯಿತು. ಅದಕ್ಕೆ ಅನುಸರಿಸಿದ ನಿಯಮವು ಹೀಗಿದೆ: ತಿಂಗಳಿನಲ್ಲಿ ಸತ್ತವರ ಸಂಖ್ಯೆಯನ್ನು ಹನ್ನೆರಡರಿಂದ ಗುಣಿಸಬೇಕು, ಬಂದುದನ್ನು ಸಾವಿರದಿಂದ ಗುಣಿಸಬೇಕು, ಆ ಗುಣಲಬ್ಧವನ್ನು ಅದೇ ತಿಂಗಳಿನ ಸೈನ್ಯದ ಸಂಖ್ಯೆಯಿಂದ ಭಾಗಿಸಬೇಕು. ಹನ್ನೆರಡರಿಂದ ಗುಣಿಸುವುದು ತಿಂಗಳಿನ ಲೆಕ್ಕವನ್ನು ವರ್ಷದ ಲೆಕ್ಕಕ್ಕೆ ತರುವುದಕ್ಕಾಗಿ. ಇಂಗ್ಲೆಂಡಿನ ಊರುಗಳ ಮರಣ ಪ್ರಮಾಣವನ್ನು ಸಾವಿರಕ್ಕೆ ವಾರ್ಷಿಕವಾಗಿ ಇಷ್ಟು ಎಂದು ಹೇಳುವ ಪದ್ಧತಿಯಿದ್ದುದರಿಂದ, ಸೈನ್ಯದ ಸ್ಥಿತಿಯನ್ನು ಮ್ಯಾಂಚೆಸ್ಟರಿನಂತಹ ಅನಾರೋಗ್ಯಕರವಾದ ನಗರದೊಡನೆ ಹೋಲಿಸಿ ತೋರಿಸಲು ಇದು ಅನುಕೂಲವಾಯಿತು.

ಏಪ್ರಿಲ್ ತಿಂಗಳಿನ 477ನ್ನು 12,000ದಿಂದ ಗುಣಿಸಿದರೆ 57,24,000 ಆಗುತ್ತದೆ. ಅದನ್ನು 32,252ರಿಂದ ಭಾಗಿಸಿದರೆ 177.5 ಬರುತ್ತದೆ. ಆಗಸ್ಟ್ ತಿಂಗಳಿನ 483ನ್ನು ಗುಣಿಸಿ ಬಂದ 57,96,000ವನ್ನು 44,614ರಿಂದ ಭಾಗಿಸಿದರೆ 129.9 ಬರುತ್ತದೆ. ಸಂಖ್ಯೆಯಲ್ಲಿ ತುಸು ಏರಿದಂತೆ ಕಂಡುದು ಪ್ರಮಾಣದಲ್ಲಿ ಕಾಲುಭಾಗಕ್ಕಿಂತಲೂ ಹೆಚ್ಚು ಇಳಿದಿದೆ. ಮೂರು ಕಂಬಸಾಲುಗಳಿಗೂ ಇದೇ ನಿಯಮವನ್ನು ಅನ್ವಯಿಸಿದಾಗ ಮೇಲಿನ ನಾಲ್ಕು ಅಡ್ಡಸಾಲುಗಳು ಈ ರೂಪವನ್ನು ಪಡೆಯುತ್ತವೆ:

| ತಿಂಗಳು | ಸೈನ್ಯ | ರೋಗ | ಗಾಯ | ಇತರ |
|---|---|---|---|---|
| 1855 ಜನವರಿ | 32,393 | 1022.8 | 30.7 | 120.0 |
| 1855 ಏಪ್ರಿಲ್ | 32,252 | 177.5 | 17.9 | 21.2 |
| 1855 ಆಗಸ್ಟ್ | 44,614 | 129.9 | 44.1 | 6.7 |
| 1856 ಜನವರಿ | 44,212 | 11.4 | 0.5 | 13.0 |

ಜನವರಿ ತಿಂಗಳಿನ 1022.8 ಎಂಬ ಅಂಕಿಯನ್ನು ಕಂಡು ಯಾರಿಗಾದರೂ ಸಂದೇಹ ಬರಬಹುದು. ಸಾವಿರ ಮಂದಿಯಲ್ಲಿ ಸಾವಿರಕ್ಕಿಂತ ಹೆಚ್ಚು ಮಂದಿ ಸಾಯುವುದು ಹೇಗೆ? ಇದು ತಪ್ಪಲ್ಲ. ಆ ತಿಂಗಳಿನಲ್ಲಿ ರೋಗಕ್ಕೆ ಬಲಿಯಾದವರು 2,761 ಮಂದಿ. ಅದೇ ಬಗೆಯ ಸಾವು ಹನ್ನೆರಡು ತಿಂಗಳು ಮುಂದುವರಿದಿದ್ದರೆ 33,132 ಮಂದಿ ಸಾಯಬೇಕಾಗಿತ್ತು. ಆದರೆ ಇದ್ದ ಸೈನಿಕರು 32,393 ಮಂದಿ ಮಾತ್ರ. ಅಂದರೆ ಹೊಸಬರನ್ನು ತಂದು ತುಂಬಿಸದಿದ್ದರೆ, ಶತ್ರುವು ಒಂದು ಗುಂಡನ್ನೂ ಹಾರಿಸದೆ ಇದ್ದರೂ, ಒಂದು ವರ್ಷ ಕಳೆಯುವುದರೊಳಗಾಗಿ ಇಡೀ ಸೈನ್ಯವೇ ರೋಗಕ್ಕೆ ಆಹುತಿಯಾಗುತ್ತಿತ್ತು. 2,761 ಎಂಬ ಸಂಖ್ಯೆಯು ಈ ಭೀಕರತೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಲಾರದು; ಆಧಾರದ ಮೇಲೆ ನಿಂತ ಪ್ರಮಾಣವು ಹೇಳುತ್ತದೆ.

1855ರ ಮಾರ್ಚ್ ತಿಂಗಳಿನಲ್ಲಿ ಬ್ರಿಟಿಷ್ ಸರಕಾರವು ಕಳುಹಿಸಿದ ನೈರ್ಮಲ್ಯ ಆಯೋಗವು ಸ್ಕುಟಾರಿಗೆ ಬಂದಿತು. ಚರಂಡಿಗಳನ್ನು ತೊಳೆಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿ ಬೆಳಕುಗಳಿಗೆ ದಾರಿ ಮಾಡಿಸಿತು. ಚಳಿಗಾಲವು ಕಳೆದು, ಆಹಾರ ಮತ್ತು ಬಟ್ಟೆಗಳ ಸರಬರಾಜು ಸುಧಾರಿಸಿದುದೂ ಸೈನಿಕರಿಗೆ ನೆರವಾಯಿತು. ಇಳಿಕೆಯು ಒಂದೇ ಸಮನಾಗಿರಲಿಲ್ಲ. 1855ರ ಜೂನ್ ತಿಂಗಳಿನಲ್ಲಿ ರೋಗದ ಮರಣ ಪ್ರಮಾಣವು ಮತ್ತೆ 247.6ಕ್ಕೆ ಏರಿತ್ತು. ಆದರೂ ಒಂದು ವರ್ಷದ ಅವಧಿಯಲ್ಲಿ 1022.8ರಷ್ಟಿದ್ದುದು 11.4ಕ್ಕೆ ಇಳಿದುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ನೈಟಿಂಗೇಲ್ ಅವರು ಈ ಪ್ರಮಾಣಗಳನ್ನು 1858ರಲ್ಲಿ ವರ್ತುಲಾಕಾರದ ಚಿತ್ರವಾಗಿ ಬರೆಯಿಸಿದರು. ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಇತರ ಕಾರಣಗಳಿಗೆ ಕಪ್ಪು ಬಣ್ಣವನ್ನು ಕೊಡಲಾಯಿತು. ಅಂಕಿಗಳ ಪುಟಗಳನ್ನು ಓದಲು ತಾಳ್ಮೆಯಿಲ್ಲದ ಮಂತ್ರಿಗಳೂ ನೀಲಿಯ ವಿಸ್ತಾರವನ್ನು ಒಂದೇ ನೋಟದಲ್ಲಿ ಗ್ರಹಿಸಬಹುದಾಗಿತ್ತು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಮೊದಲ ಮಹಿಳಾ ಸದಸ್ಯರನ್ನಾಗಿ ಆರಿಸಿಕೊಂಡಿತು. ಮುಂದೆ ಭಾರತದಲ್ಲಿದ್ದ ಸೈನ್ಯದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಲು 1859ರಲ್ಲಿ ರಾಜಾಯೋಗವೊಂದು ನೇಮಕವಾಯಿತು. ಅದರ ವರದಿಯು 1863ರಲ್ಲಿ ಹೊರಬಂದಿತು. ಭಾರತಕ್ಕೆ ಒಮ್ಮೆಯೂ ಬಾರದಿದ್ದ ನೈಟಿಂಗೇಲ್ ಅವರು ಇಲ್ಲಿಂದ ಹೋದ ಲೆಕ್ಕಪತ್ರಗಳನ್ನು ಅಭ್ಯಸಿಸಿ ಆ ವರದಿಗಾಗಿ ದುಡಿದರು.

ಇಪ್ಪತ್ತನಾಲ್ಕು ತಿಂಗಳು, ಮೂರು ಕಂಬಸಾಲು. ಒಟ್ಟು ಎಪ್ಪತ್ತೆರಡು ಗುಣಾಕಾರ, ಎಪ್ಪತ್ತೆರಡು ಭಾಗಾಕಾರ. ಆ ಕಾಲದಲ್ಲಿ ಇವುಗಳನ್ನೆಲ್ಲ ಕಾಗದದ ಮೇಲೆ ಕೈಯಿಂದಲೇ ಮಾಡಬೇಕಾಗಿತ್ತು. ಇಂದು ಆ ಕೆಲಸವನ್ನು ಗಣಕಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಇಂತಹ ಕೆಲಸಕ್ಕೆಂದೇ ರೂಪಿಸಿದ ಗಣಕಭಾಷೆಗಳಲ್ಲಿ ‘ಆರ್’ ಎಂಬುದು ಪ್ರಸಿದ್ಧವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1976ರಲ್ಲಿ ಹುಟ್ಟಿದ ‘ಎಸ್’ ಎಂಬ ಭಾಷೆಯನ್ನು ಮಾದರಿಯಾಗಿಟ್ಟುಕೊಂಡು, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು 1990ರ ದಶಕದ ಆರಂಭದಲ್ಲಿ ಇದನ್ನು ರಚಿಸಿದರು. ಇಬ್ಬರ ಹೆಸರುಗಳೂ ಇಂಗ್ಲಿಷಿನ ಆ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. 1995ರಲ್ಲಿ ಅವರು ಅದನ್ನು ಎಲ್ಲರೂ ಬೆಲೆ ತೆರದೆ ಬಳಸುವಂತೆಯೂ ತಿದ್ದುವಂತೆಯೂ ಲೋಕಕ್ಕೆ ಬಿಟ್ಟುಕೊಟ್ಟರು. ಅದರ ಮೊದಲ ಪೂರ್ಣ ಆವೃತ್ತಿಯು 2000ದ ಫೆಬ್ರವರಿ 29ರಂದು ಹೊರಬಂದಿತು. ಕೆನಡಾ ದೇಶದ ಮೈಕೇಲ್ ಫ್ರೆಂಡ್ಲಿ ಎಂಬ ಪ್ರಾಧ್ಯಾಪಕರು ಈ ಭಾಷೆಯ ಬಳಕೆದಾರರಿಗಾಗಿ ಇತಿಹಾಸಪ್ರಸಿದ್ಧವಾದ ಕೋಷ್ಟಕಗಳನ್ನು ‘ಹಿಸ್ಟ್‌ಡೇಟಾ’ ಎಂಬ ಹೆಸರಿನಲ್ಲಿ ಸಂಗ್ರಹಿಸಿದ್ದಾರೆ. ನೈಟಿಂಗೇಲ್ ಅವರ ಕೋಷ್ಟಕವೂ ಅದರಲ್ಲಿದೆ.

ಆರ್ ಭಾಷೆಯಲ್ಲಿ ಪ್ರತಿ ಕಂಬಸಾಲಿಗೂ ಒಂದು ಹೆಸರಿರುತ್ತದೆ. ಆ ಹೆಸರನ್ನು ಹೇಳಿದರೆ ಸಾಕು, ಇಪ್ಪತ್ತನಾಲ್ಕು ಅಂಕಿಗಳನ್ನೂ ಒಟ್ಟಿಗೆ ಕರೆದಂತಾಗುತ್ತದೆ. ರೋಗವನ್ನು 12,000ದಿಂದ ಗುಣಿಸಿ ಸೈನ್ಯದಿಂದ ಭಾಗಿಸಿ, ಬಂದುದನ್ನು ರೋಗವೆಂಬ ಹೆಸರಿನಲ್ಲಿಯೇ ಇರಿಸು ಎಂದು ಒಂದು ಆದೇಶವನ್ನು ಬರೆದರೆ, ಯಂತ್ರವು ಮೊದಲ ಅಡ್ಡಸಾಲಿನ ರೋಗವನ್ನು ಮೊದಲ ಅಡ್ಡಸಾಲಿನ ಸೈನ್ಯದಿಂದಲೂ, ಎರಡನೆಯದನ್ನು ಎರಡನೆಯದರಿಂದಲೂ ಭಾಗಿಸುತ್ತ ಕೊನೆಯವರೆಗೆ ಸಾಗುತ್ತದೆ. ಹಳೆಯ ಅಂಕಿಗಳಿದ್ದ ಸ್ಥಾನದಲ್ಲಿ ಹೊಸ ಅಂಕಿಗಳು ಬಂದು ನಿಲ್ಲುತ್ತವೆ.

ಮೂರು ಕಂಬಸಾಲುಗಳಿದ್ದರೆ ಇಂತಹ ಆದೇಶವನ್ನು ಮೂರು ಸಲ ಬರೆಯಬಹುದು. ಆದರೆ ಮೂವತ್ತು ಕಂಬಸಾಲುಗಳಿದ್ದರೆ? ಒಂದೇ ವಾಕ್ಯವನ್ನು ಮತ್ತೆ ಮತ್ತೆ ನಕಲು ಮಾಡಿ ಹೆಸರನ್ನು ಮಾತ್ರ ಬದಲಿಸುತ್ತ ಹೋಗುವುದು ಬೇಸರದ ಕೆಲಸ; ಅಪಾಯದ ಕೆಲಸವೂ ಹೌದು. ಗಾಯದ ಕಂಬಸಾಲನ್ನು ಬದಲಿಸುವ ವಾಕ್ಯದಲ್ಲಿ ಎಡಗಡೆಯ ಹೆಸರನ್ನು ತಿದ್ದಿ, ಬಲಗಡೆಯಲ್ಲಿ ರೋಗ ಎಂಬುದನ್ನು ಹಾಗೆಯೇ ಬಿಟ್ಟರೆ, ರೋಗದ ಅಂಕಿಗಳೇ ಗಾಯದ ಹೆಸರಿನಲ್ಲಿ ಬಂದು ಕುಳಿತುಕೊಳ್ಳುತ್ತವೆ. ಯಂತ್ರವು ಅದಕ್ಕೆ ಆಕ್ಷೇಪವೆತ್ತುವುದಿಲ್ಲ. ಹೇಳಿದುದನ್ನು ಮಾಡುವುದು ಅದರ ಧರ್ಮವೇ ಹೊರತು, ಹೇಳಬೇಕಾಗಿದ್ದುದನ್ನು ಊಹಿಸುವುದಲ್ಲ.

ಆದುದರಿಂದ ಅನುಭವಿಗಳು ಈ ಕೆಲಸವನ್ನು ಎರಡು ಭಾಗವಾಗಿ ವಿಂಗಡಿಸುತ್ತಾರೆ. ಬದಲಾಗಬೇಕಾದ ಕಂಬಸಾಲುಗಳ ಹೆಸರುಗಳನ್ನು ಮೊದಲು ಒಂದು ಪಟ್ಟಿಯಾಗಿ ಬರೆಯುತ್ತಾರೆ: ರೋಗ, ಗಾಯ, ಇತರ. ಆಮೇಲೆ ಬದಲಾವಣೆಯ ನಿಯಮವನ್ನು ಒಂದೇ ಒಂದು ಸಲ ಬರೆಯುತ್ತಾರೆ: ಕೊಟ್ಟ ಕಂಬಸಾಲನ್ನು 12,000ದಿಂದ ಗುಣಿಸಿ ಸೈನ್ಯದಿಂದ ಭಾಗಿಸು. ಪಟ್ಟಿಯ ಪ್ರತಿಯೊಂದು ಹೆಸರಿಗೂ ಆ ನಿಯಮವನ್ನು ಅನ್ವಯಿಸಬೇಕೆಂದು ತಿಳಿಸಲು ಆರ್ ಭಾಷೆಯಲ್ಲಿ ‘ಎಲ್‌ಅಪ್ಲೈ’ ಎಂಬ ಆದೇಶವಿದೆ. ಪಟ್ಟಿಗೆ ಇನ್ನೊಂದು ಹೆಸರು ಸೇರಿದರೂ ನಿಯಮವು ಬದಲಾಗುವುದಿಲ್ಲ. ನಿಯಮವನ್ನು ತಿದ್ದಬೇಕಾದರೂ ಒಂದೆಡೆ ತಿದ್ದಿದರೆ ಸಾಕು. ಎಲ್ಲ ಕಂಬಸಾಲುಗಳೂ ಒಂದೇ ಅಳತೆಗೋಲಿನಿಂದ ಅಳೆಯಲ್ಪಟ್ಟಿವೆ ಎಂಬ ಭರವಸೆಯು ಇದರಿಂದ ದೊರೆಯುತ್ತದೆ.

ಲಕ್ಷಗಟ್ಟಲೆ ಅಡ್ಡಸಾಲುಗಳಿರುವ ಕೋಷ್ಟಕಗಳಿಗಾಗಿ ಮ್ಯಾಟ್ ಡೌಲ್ ಎಂಬವರು 2006ರಲ್ಲಿ ‘ಡೇಟಾ ಟೇಬಲ್’ ಎಂಬ ಪೂರಕ ಸಾಧನವನ್ನು ಪ್ರಕಟಿಸಿದರು. ಸಾಮಾನ್ಯವಾಗಿ ಒಂದು ಕೋಷ್ಟಕಕ್ಕೆ ಎರಡನೆಯ ಹೆಸರನ್ನು ಕೊಟ್ಟು ಅದರಲ್ಲಿ ಬದಲಾವಣೆ ಮಾಡಿದಾಗ ಆರ್ ಭಾಷೆಯು ಮೊದಲ ಹೆಸರಿನಲ್ಲಿರುವುದನ್ನು ಕೆಡದಂತೆ ಕಾಪಾಡುತ್ತದೆ. ಡೇಟಾ ಟೇಬಲ್ ಸಾಧನದಲ್ಲಿ ಸ್ಥಳದಲ್ಲಿಯೇ ಬದಲಿಸುವ ವಿಶೇಷ ಚಿಹ್ನೆಯೊಂದಿದೆ. ಎರಡು ಚುಕ್ಕಿಗಳ ಪಕ್ಕದಲ್ಲಿ ಸಮಚಿಹ್ನೆಯನ್ನು ಬರೆದರೆ ಅದಾಗುತ್ತದೆ. ಅದನ್ನು ಬಳಸಿದಾಗ ಇಡೀ ಕೋಷ್ಟಕದ ನಕಲು ತಯಾರಾಗುವುದಿಲ್ಲವಾದುದರಿಂದ ಕಾಲವೂ ಯಂತ್ರದ ನೆನಪಿನ ಸ್ಥಳವೂ ಉಳಿಯುತ್ತವೆ. ಆದರೆ ಅದೇ ಕೋಷ್ಟಕಕ್ಕೆ ಎರಡನೆಯ ಹೆಸರಿಟ್ಟು, ಮೂಲವು ಬೇರೆಯಾಗಿ ಭದ್ರವಾಗಿದೆ ಎಂದು ನಂಬಿದವರು ಮೋಸಹೋಗುತ್ತಾರೆ. ಹೆಸರುಗಳು ಎರಡಾದರೂ ವಸ್ತು ಒಂದೇ. ಒಂದು ಹೆಸರಿನಲ್ಲಿ ಮಾಡಿದ ಬದಲಾವಣೆಯು ಇನ್ನೊಂದರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮೂಲವು ಉಳಿಯಬೇಕಾದರೆ ಪ್ರತಿ ತೆಗೆಯಬೇಕೆಂಬ ಆದೇಶವನ್ನು ಮೊದಲೇ ಬೇರೆಯಾಗಿ ಕೊಡಬೇಕು.

ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಗಳು ಇನ್ನೂ ಕೆಲವಿವೆ. ಸ್ಥಳದಲ್ಲಿಯೇ ಬದಲಿಸುವ ಆದೇಶವನ್ನು ಕೈತಪ್ಪಿನಿಂದ ಎರಡು ಸಲ ನಡೆಸಿದರೆ, ಈಗಾಗಲೇ ಪ್ರಮಾಣವಾಗಿರುವ 1022.8ನ್ನು ಯಂತ್ರವು ಮರಣಸಂಖ್ಯೆಯೆಂದೇ ಭಾವಿಸಿ ಮತ್ತೊಮ್ಮೆ ಗುಣಿಸಿ ಭಾಗಿಸುತ್ತದೆ. ಆಗ ಬರುವ ಉತ್ತರ 378.9. ಈ ಅಂಕಿಯು ನೋಡಲು ಅಸಂಬದ್ಧವಾಗಿ ತೋರುವುದಿಲ್ಲ. ಸಾವಿರಕ್ಕೆ 378 ಮಂದಿ ಸತ್ತರೆಂದು ಯಾರಾದರೂ ನಂಬಿಯಾರು. ಆದರೆ ಹಾಗೆ ನಂಬಿದಾಗ ಆ ಚಳಿಗಾಲದ ದುರಂತವು ಲೆಕ್ಕದಲ್ಲಿ ಅರ್ಧಕ್ಕಿಂತ ಕಡಮೆಯಾಗಿಬಿಡುತ್ತದೆ. ಅಸಂಬದ್ಧವಾಗಿ ಕಾಣುವ ತಪ್ಪಿಗಿಂತ ಸಂಬದ್ಧವಾಗಿ ಕಾಣುವ ತಪ್ಪು ಹೆಚ್ಚು ಅಪಾಯಕಾರಿ.

ಆಧಾರದ ಕಂಬಸಾಲನ್ನೇ ಬದಲಾಗಬೇಕಾದವುಗಳ ಪಟ್ಟಿಗೆ ಸೇರಿಸಿಬಿಡುವುದು ಇನ್ನೊಂದು ತಪ್ಪು. ಕಂಬಸಾಲುಗಳನ್ನು ಒಂದಾದ ಮೇಲೊಂದರಂತೆ ಬದಲಿಸುತ್ತ ಹೋಗುವಾಗ ಸೈನ್ಯವು ಮೊದಲು ಬಂದಿತೆನ್ನಬಹುದು. 12,000ದಿಂದ ಗುಣಿಸಿದ ಸೈನ್ಯವನ್ನು ಅದೇ ಸೈನ್ಯದಿಂದ ಭಾಗಿಸಿದರೆ ಪ್ರತಿ ತಿಂಗಳಿಗೂ 12,000 ಎಂದೇ ಬರುತ್ತದೆ. ಮುಂದೆ ರೋಗದ ಸರದಿ ಬಂದಾಗ 2,761ನ್ನು 12,000ದಿಂದ ಗುಣಿಸಿ, ಹೊಸ ಆಧಾರವಾದ 12,000ದಿಂದಲೇ ಭಾಗಿಸಲಾಗುತ್ತದೆ. ಮತ್ತೆ 2,761 ಆಗಿಯೇ ಉಳಿಯುತ್ತದೆ. ಕೆಲಸವು ನಡೆದಂತೆ ಕಂಡರೂ ಮರಣದ ಮೂರು ಕಂಬಸಾಲುಗಳು ಮೊದಲಿನಂತೆಯೇ ಇರುತ್ತವೆ, ಕೆಟ್ಟುಹೋದುದು ಆಧಾರವೊಂದೇ. ಆಧಾರವು ಅಚಲವಾಗಿ ನಿಂತಾಗ ಮಾತ್ರ ಉಳಿದವುಗಳನ್ನು ಅದರ ಮೇಲೆ ನಿಲ್ಲಿಸಬಹುದು.

ಅಡ್ಡಸಾಲುಗಳ ಹೊಂದಾಣಿಕೆಯೂ ಕೆಡಬಾರದು. ಸೈನ್ಯದ ಅಂಕಿಗಳನ್ನು ಮಾತ್ರ ಪ್ರತ್ಯೇಕವಾಗಿ ತೆಗೆದು ಕಿರಿದರಿಂದ ಹಿರಿದಕ್ಕೆ ಜೋಡಿಸಿ ಭಾಗಿಸಿದರೆ, ಜನವರಿಯಲ್ಲಿ ಸತ್ತವರಿಗೆ ಬೇರಾವುದೋ ತಿಂಗಳಿನ ಸೈನ್ಯವು ಆಧಾರವಾಗುತ್ತದೆ. ಯಾವುದಾದರೊಂದು ತಿಂಗಳಿನ ಸೈನ್ಯದ ಸಂಖ್ಯೆಯು ತಿಳಿದಿಲ್ಲವಾದರೆ ಆ ಮನೆಯಲ್ಲಿ ಸೊನ್ನೆಯನ್ನು ಬರೆಯಲಾಗದು. ಸೊನ್ನೆಯೆಂದರೆ ಯಾರೂ ಇರಲಿಲ್ಲವೆಂದು ಅರ್ಥ. ತಿಳಿಯದೆಂಬುದು ಬೇರೆಯೇ ಮಾತು. ಆರ್ ಭಾಷೆಯಲ್ಲಿ ತಿಳಿಯದುದನ್ನು ಸೂಚಿಸಲು ‘ಎನ್‌ಎ’ ಎಂಬ ಪ್ರತ್ಯೇಕ ಗುರುತಿದೆ. ಆ ಗುರುತಿರುವ ಸಂಖ್ಯೆಯಿಂದ ಭಾಗಿಸಿದರೆ ಉತ್ತರವೂ ಅದೇ ಗುರುತಾಗಿ ಬರುತ್ತದೆ. ಆಧಾರವು ತಿಳಿಯದಿರುವಾಗ ಪ್ರಮಾಣವೂ ತಿಳಿಯದು ಎಂಬ ಪ್ರಾಮಾಣಿಕತೆಯನ್ನು ಆ ಭಾಷೆಯು ಹೀಗೆ ಪಾಲಿಸುತ್ತದೆ.

ಇವೆಲ್ಲವೂ ಸರಿಯಾಗಿದ್ದರೂ, ಯಾವ ಕಂಬಸಾಲು ಆಧಾರವಾಗತಕ್ಕದ್ದು ಎಂಬುದನ್ನು ನಿರ್ಧರಿಸುವ ಹೊಣೆಯು ಯಂತ್ರದ್ದಲ್ಲ, ಮನುಷ್ಯನದು. ಭಾರತದ ಜನಗಣತಿಯಲ್ಲಿ ಸಾಕ್ಷರತೆಯ ಪ್ರಮಾಣವನ್ನು ಲೆಕ್ಕ ಹಾಕುವ ಬಗೆಯು ಇದಕ್ಕೆ ಉತ್ತಮ ನಿದರ್ಶನ. 1991ರ ಜನಗಣತಿಯಿಂದ ಈಚೆಗೆ ಈ ಪ್ರಮಾಣಕ್ಕೆ ಒಟ್ಟು ಜನಸಂಖ್ಯೆಯು ಆಧಾರವಲ್ಲ; ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಸಂಖ್ಯೆಯು ಆಧಾರ. ತೊಟ್ಟಿಲಿನಲ್ಲಿ ಮಲಗಿರುವ ಕೂಸನ್ನು ಅನಕ್ಷರಸ್ಥರ ಗುಂಪಿಗೆ ಸೇರಿಸುವುದು ನ್ಯಾಯವಲ್ಲವಷ್ಟೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆಯು ನೂರಕ್ಕೆ 75.36 ಎಂದು ಹೇಳುವಾಗ ಈ ಆಧಾರವನ್ನೇ ಗಣನೆಗೆ ತೆಗೆದುಕೊಳ್ಳಲಾಗಿದೆ. ಒಟ್ಟು ಜನಸಂಖ್ಯೆಯಿಂದ ಭಾಗಿಸಿದ್ದರೆ ಓದುಬರಹ ಬಲ್ಲವರಲ್ಲಿ ಒಬ್ಬರೂ ಕಡಮೆಯಾಗದಿದ್ದರೂ ಪ್ರಮಾಣವು ಇಳಿಯುತ್ತಿತ್ತು. ಆದುದರಿಂದ ಪತ್ರಿಕೆಯಲ್ಲಾಗಲಿ ವರದಿಯಲ್ಲಾಗಲಿ ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಎಂಬ ಮಾತನ್ನು ಕಂಡಾಗ, ಯಾವ ನೂರು, ಯಾವ ಸಾವಿರ ಎಂದು ವಿಚಾರಿಸುವುದು ವಿವೇಕಿಗಳ ಲಕ್ಷಣ.

ಹಿಸ್ಟ್‌ಡೇಟಾ ಸಂಗ್ರಹದಲ್ಲಿರುವ ನೈಟಿಂಗೇಲ್ ಅವರ ಕೋಷ್ಟಕದಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅಲ್ಲಿ ಪ್ರಮಾಣಗಳು ಮರಣಸಂಖ್ಯೆಗಳ ಸ್ಥಾನವನ್ನು ಕಸಿದುಕೊಂಡಿಲ್ಲ. ರೋಗ, ಗಾಯ, ಇತರ ಎಂಬ ಮೂರು ಮೂಲ ಕಂಬಸಾಲುಗಳು ಹಾಗೆಯೇ ಇವೆ. ಅವುಗಳ ಪ್ರಮಾಣಗಳು ಬೇರೆ ಮೂರು ಹೆಸರುಗಳಲ್ಲಿ ಪಕ್ಕದಲ್ಲಿ ನಿಂತಿವೆ. ಲೆಕ್ಕವನ್ನು ನಂಬದವರು ಯಾವ ಕಾಲದಲ್ಲಾದರೂ ಮೂಲದಿಂದ ಆರಂಭಿಸಿ ತಾವೇ ಗುಣಿಸಿ ಭಾಗಿಸಿ ನೋಡಬಹುದು. ಮೂಲವನ್ನು ಅಳಿಸಿ ಹೊಸದನ್ನು ಬರೆಯುವುದು ಸುಲಭ. ಅಳಿಸಿದುದನ್ನು ಮತ್ತೆ ಪಡೆಯುವುದು ಕಷ್ಟ. ಆದುದರಿಂದ ಕಂಬಸಾಲುಗಳನ್ನು ಬದಲಿಸುವ ಮೊದಲು ಮೂಲದ ಒಂದು ಪ್ರತಿಯನ್ನು ಎತ್ತಿಡುವುದು ಒಳ್ಳೆಯ ಪದ್ಧತಿ.

ಇದನ್ನು ಕೇವಲ ಲೆಕ್ಕದ ಶಿಸ್ತೆಂದು ತಿಳಿಯಬಾರದು. 1855ರ ಜನವರಿಯ ಅಡ್ಡಸಾಲಿನಲ್ಲಿರುವ 2,761 ಎಂಬುದರಲ್ಲಿಯ ಒಂದೊಂದು ಏಕಮಾನವೂ ಒಬ್ಬೊಬ್ಬ ಮನುಷ್ಯ. ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ಬಂದು, ಯುದ್ಧದ ಗಾಯವಿಲ್ಲದೆ, ಕೊಳಕಿನಿಂದ ಹುಟ್ಟಿದ ರೋಗಕ್ಕೆ ಪರದೇಶದಲ್ಲಿ ಪ್ರಾಣ ತೆತ್ತವನು. ಅವನ ಸಾವು ತಡೆಗಟ್ಟಬಹುದಾಗಿದ್ದ ಸಾವೆಂದು ಸರಕಾರಕ್ಕೆ ಮನಗಾಣಿಸಲು 1022.8 ಎಂಬ ಪ್ರಮಾಣವು ಬೇಕಾಯಿತು. ಸತ್ತವನು ಒಬ್ಬ ಮನುಷ್ಯನಾಗಿದ್ದನೆಂಬುದನ್ನು ಮರೆಯದಿರಲು 2,761 ಎಂಬ ಸಂಖ್ಯೆಯೂ ಅದರ ಪಕ್ಕದಲ್ಲಿಯೇ ಉಳಿಯಬೇಕು.